ಹಳೆ ಸ್ಪೋರ್ಟ್ಸ್ ಕಾರಿಗೆ ಹೊಸ ಎಂಜಿನ್ ಹಾಕಬಹುದೇ?

ಪರ: ಓಡದ ಕಾರು ಇಟ್ಟುಕೊಂಡು ಏನು ಮಾಡೋದು?

ಟ್ರಯಂಫ್ ಸ್ಟ್ಯಾಗ್ ಕಾರನ್ನು ಒಮ್ಮೆ ಹತ್ತಿರದಿಂದ ನೋಡಿದರೆ ಸಾಕು, ಮನಸ್ಸು ಅಲ್ಲೇ ನಿಲ್ಲುತ್ತದೆ. 1970ರಲ್ಲಿ ಬಂದ ನಾಲ್ಕು ಸೀಟಿನ ಕಾರು. ಮೈಕಟ್ಟು ಇಟಲಿಯ ಮಿಕೆಲೋಟಿ ಅವರದ್ದು. ಒಳಗೆ ಟ್ರಯಂಫ್ ತಾನೇ ಮಾಡಿದ 3 ಲೀಟರಿನ ವಿ8, ಅಂದರೆ ವಿ ಆಕಾರದಲ್ಲಿ ಎಂಟು ಸಿಲಿಂಡರ್ ಇರುವ ಎಂಜಿನ್. ತೊಂದರೆ ಶುರುವಾಗಿದ್ದೇ ಅಲ್ಲಿಂದ. ವಾಟರ್ ಪಂಪನ್ನು ಎಂಜಿನ್ನಿನ ಮೇಲ್ಭಾಗದಲ್ಲಿ ಕೂರಿಸಿದ್ದರು. ನೀರು ಸ್ವಲ್ಪ ಇಳಿದರೂ ಪಂಪ್ ಒಣಗುತ್ತಿತ್ತು. ಎಂಜಿನ್ ಕಾದು ಅಲ್ಯೂಮಿನಿಯಂ ಹೆಡ್ ಬಾಗುತ್ತಿತ್ತು. ಟೈಮಿಂಗ್ ಚೈನ್ ಹೊತ್ತಿಗೆ ಮುಂಚೆ ಸವೆಯುತ್ತಿತ್ತು. ಎಷ್ಟೋ ಮಾಲೀಕರು ರೋಸಿಹೋಗಿ ಆ ಎಂಜಿನ್ ಕಿತ್ತು ರೋವರ್ ವಿ8 ಕೂರಿಸಿದರು.

ಅವರಿಗೆ ಕಾರಿನ ಮೇಲೆ ಪ್ರೀತಿ ಇರಲಿಲ್ಲ ಅನ್ನೋಕಾಗುತ್ತಾ? ಪ್ರೀತಿ ಇಲ್ಲದವರು ಗುಜರಿಗೆ ಹಾಕಿ ಕೈತೊಳೆದುಕೊಂಡರು. ಪ್ರೀತಿ ಇದ್ದವರು ಎಂಜಿನ್ ಬದಲಿಸಿ ಓಡಿಸಿದರು.

ಎಂಜಿನ್ ಮುಟ್ಟಿದರೆ ಕಾರು ಕೆಟ್ಟಿತು ಅನ್ನುವವರು ಸ್ಪೋರ್ಟ್ಸ್ ಕಾರುಗಳ ಕಥೆಯನ್ನೇ ಸ್ವಲ್ಪ ತಿರುವಿ ನೋಡಬೇಕು. ಎಸಿ ಏಸ್ ಅಂತ ಒಂದು ಚೊಕ್ಕ ಬ್ರಿಟಿಷ್ ಕಾರಿತ್ತು. ಅದರಲ್ಲಿದ್ದದ್ದು 2 ಲೀಟರಿನ ಬ್ರಿಸ್ಟಲ್ ಎಂಜಿನ್. ಆ ಎಂಜಿನ್ ಕೂಡ ಯುದ್ಧಕ್ಕೆ ಮುಂಚಿನ ಬಿಎಂಡಬ್ಲ್ಯು 328ರಿಂದ ಬಂದದ್ದು. ಬ್ರಿಸ್ಟಲ್ ಅದನ್ನು ಮಾಡುವುದು ನಿಲ್ಲಿಸಿದಾಗ ಅಮೆರಿಕದ ರೇಸ್ ಡ್ರೈವರ್ ಕ್ಯಾರೊಲ್ ಶೆಲ್ಬಿ ಆ ಮೈಗೆ ಫೋರ್ಡ್ ವಿ8 ಹಾಕಿಸಿದರು. 1962ರ ಕೋಬ್ರಾ ಹುಟ್ಟಿದ್ದು ಹಾಗೆ. ಸನ್‌ಬೀಮ್ ಆಲ್ಪೈನ್‌ಗೆ ಫೋರ್ಡ್ ವಿ8 ಬಿದ್ದಾಗ ಅದು 1964ರಲ್ಲಿ ಟೈಗರ್ ಆಯಿತು. ಎಂಜಿಬಿ ಅನ್ನುವ ಬ್ರಿಟಿಷ್ ಸ್ಪೋರ್ಟ್ಸ್ ಕಾರಿಗೆ ರೋವರ್ ವಿ8 ಹಾಕಿ ತೋರಿಸಿದ್ದು ಕಂಪನಿ ಅಲ್ಲ, ಕೆನ್ ಕಾಸ್ಟೆಲೊ ಅನ್ನುವ ರೇಸ್ ಡ್ರೈವರ್. ಕಂಪನಿ ಅದನ್ನೇ 1973ರಲ್ಲಿ ಮಾಡಿತು. ಆ ರೋವರ್ ವಿ8 ಮೂಲದಲ್ಲಿ ಅಮೆರಿಕದ ಬ್ಯೂಕ್‌ನದ್ದು. ಇದರಲ್ಲಿ ಯಾವುದು ಮೂಲ, ಯಾವುದು ಕಸಿ?

ಭಾರದ ಮಾತು ಬಂದೇ ಬರುತ್ತದೆ. ವಿ8 ಹಾಕಿದರೆ ಮೂತಿ ಭಾರವಾಗಿ ತಿರುವಿನಲ್ಲಿ ಕಾರು ಮಾತು ಕೇಳಲ್ಲ ಅಂತಾರೆ. ಎಂಜಿಬಿಯಲ್ಲಿ ಆ ಭಯವೇ ಇಲ್ಲ. ಹಳೆ ನಾಲ್ಕು ಸಿಲಿಂಡರಿನ ಎಂಜಿನ್ ಪೂರ್ತಿ ಎರಕದ ಕಬ್ಬಿಣ, ರೋವರ್ ವಿ8 ಅಲ್ಯೂಮಿನಿಯಂ. ಸಿಲಿಂಡರ್ ಎರಡರಷ್ಟಾದರೂ ಮೂತಿಯ ಭಾರ ಹೆಚ್ಚುವುದಿಲ್ಲ.

ಇನ್ನು ದಿನದ ಓಡಾಟ. ಚಳಿಯ ಬೆಳಿಗ್ಗೆ ಚೋಕ್ ಎಳೆದು, ಆಕ್ಸಿಲರೇಟರ್ ಒತ್ತಿ ಬಿಟ್ಟು, ಪೆಟ್ರೋಲ್ ವಾಸನೆ ಕುಡಿದು, ಕೊನೆಗೆ ಬ್ಯಾಟರಿ ಇಳಿಯಿತು ಅಂತ ಕೂರುವುದು ಯಾರಿಗೆ ಬೇಕು? ಗಾಳಿಗೆ ಪೆಟ್ರೋಲ್ ಬೆರೆಸುವ ಹಳೆ ಕಾರ್ಬ್ಯುರೇಟರ್ ಕೊಡುವ ಕಾಟ ಇದು. ಅದರ ಬದಲು ಪೆಟ್ರೋಲನ್ನು ಅಳೆದು ಚಿಮ್ಮಿಸುವ ಇಂಜೆಕ್ಷನ್ ಇರುವ ಎಂಜಿನ್ ಕೀ ತಿರುಗಿಸಿದರೆ ಎದ್ದು ನಿಲ್ಲುತ್ತದೆ. ಬೆಟ್ಟ ಹತ್ತಿದರೂ ಗಾಳಿ ಪೆಟ್ರೋಲ್ ಲೆಕ್ಕ ತಾನೇ ಸರಿ ಮಾಡಿಕೊಳ್ಳುತ್ತದೆ. ಕ್ಯಾಟಲಿಟಿಕ್ ಕನ್ವರ್ಟರ್ ಜೊತೆಗೇ ಹಾಕಿದರೆ ಹೊಗೆಯ ವಿಷವೂ ತುಂಬ ಇಳಿಯುತ್ತದೆ. ಹಿಂದೆ ಬರುವ ಗಾಡಿಯವರ ಮೂಗಿಗೂ ಒಂದು ಬೆಲೆ ಇದೆ, ಅಲ್ವಾ?

ಹಾಗಂತ ಹೇಗೆ ಬೇಕೋ ಹಾಗೆ ತುರುಕಬಾರದು. ಒಳ್ಳೆ ಕೆಲಸಗಾರ ಮೊದಲು ಕೈಗೆ ತೆಗೆದುಕೊಳ್ಳುವುದು ಗ್ರೈಂಡರ್ ಅಲ್ಲ, ಅಳತೆ ಟೇಪು. ಎಂಜಿನ್ನಿನ ತಳದ ಆಯಿಲ್ ಸಂಪ್ ಕಾರಿನ ಅಡ್ಡ ತೊಲೆಯಾದ ಕ್ರಾಸ್‌ಮೆಂಬರಿಗೆ ತಾಗುತ್ತದಾ? ಸ್ಟೇರಿಂಗ್ ರಾಡ್ ಮತ್ತು ಎಕ್ಸಾಸ್ಟ್ ನಡುವೆ ಬೆರಳು ತೂರುವಷ್ಟಾದರೂ ಜಾಗ ಇದೆಯಾ? ಇಂಜೆಕ್ಷನ್ನಿಗೆ ಕಾರ್ಬ್ಯುರೇಟರಿಗಿಂತ ಹತ್ತು ಪಟ್ಟು ಒತ್ತಡದಲ್ಲಿ ಪೆಟ್ರೋಲ್ ಬೇಕು. ಹಾಗಾಗಿ ಪಂಪು, ಪೈಪು ಎಲ್ಲ ಬದಲಾಗಬೇಕು. ಶಕ್ತಿ ಜಾಸ್ತಿ ಆದಮೇಲೆ ಬ್ರೇಕ್ ಹಳೆಯದೇ ಬಿಟ್ಟರೆ ಅದು ಜೀವದ ಜೊತೆ ಆಟ. ಇಷ್ಟೆಲ್ಲ ನೋಡಿ, ಮೈ ಕೊಯ್ಯದೆ, ಬೋಲ್ಟು ಬಿಚ್ಚಿದರೆ ಹಳೆ ಎಂಜಿನ್ ವಾಪಸ್ ಕೂರುವ ಹಾಗೆ ಮಾಡಿದರೆ ಯಾರಿಗೆ ಏನು ನಷ್ಟ? ಹಳೆಯದನ್ನು ಬಟ್ಟೆ ಸುತ್ತಿ ಜೋಪಾನವಾಗಿ ಇಟ್ಟುಕೊಳ್ಳಿ. ಕಾರು ಮಾತ್ರ ರಸ್ತೆಯಲ್ಲಿರಲಿ.

ವಿರೋಧ: ಎಂಜಿನ್ ಹೋದಮೇಲೆ ಉಳಿಯೋದು ಬರೀ ಮೈ

ಕೋಬ್ರಾದ ಮಾತು ಮೊದಲು ಮುಗಿಸಿಬಿಡೋಣ, ಯಾಕಂದರೆ ಈ ವಾದದಲ್ಲಿ ಎಲ್ಲರೂ ಎತ್ತುವುದು ಅದನ್ನೇ. ಶೆಲ್ಬಿ ವಿ8 ಹಾಕಿಸಿದ್ದು ಕಾರ್ಖಾನೆಯಿಂದ ಆಗಷ್ಟೇ ಬಂದ ಹೊಸ ಮೈಗೆ. ಅದಕ್ಕಾಗಿ ಹಳೆಯ ಏಸ್ ಒಂದನ್ನೂ ಕೊಯ್ಯಲಿಲ್ಲ. ಎಂಜಿಬಿ ವಿ8 ಕೂಡ ಹಾಗೇ, ತಯಾರಾಗುತ್ತಿದ್ದ ಕಾರು. ನಾವು ಮಾತಾಡುತ್ತಿರುವುದು ಐವತ್ತು ಅರವತ್ತು ವರ್ಷ ಬದುಕಿ ಉಳಿದ ಕಾರಿನ ಬಗ್ಗೆ. ಅಂಥದ್ದು ಇನ್ನು ಹುಟ್ಟುವುದಿಲ್ಲ.

ಮಜ್ದಾ ಆರ್‌ಎಕ್ಸ್-7 ತೆಗೆದುಕೊಳ್ಳಿ. ಅದರೊಳಗಿರುವುದು ರೋಟರಿ ಎಂಜಿನ್. ಮೇಲೆ ಕೆಳಗೆ ಹೊಡೆದಾಡುವ ಪಿಸ್ಟನ್ ಇಲ್ಲ. ಮೂರು ಮೂಲೆಯ ಎರಡು ರೋಟರ್‌ಗಳು ಗಿರಗಿರ ತಿರುಗುತ್ತವೆ. ಲೆಕ್ಕಕ್ಕೆ ಬರೀ 1.3 ಲೀಟರ್. ಎಂಜಿನ್ ಚಿಕ್ಕದಾಗಿರುವುದರಿಂದಲೇ ಅದನ್ನು ಕೆಳಗೆ, ಮುಂದಿನ ಆಕ್ಸಲ್‌ನ ಹಿಂದಕ್ಕೆ ಕೂರಿಸಲು ಆಯಿತು. ಬಾನೆಟ್ ಅಷ್ಟು ತಗ್ಗಾಗಿರುವುದು ಅದರಿಂದ. ಕಾರು ತಿರುವಿನಲ್ಲಿ ಹಗುರವಾಗಿ ಬಳುಕುವುದೂ ಅದರಿಂದ. 1991ರಲ್ಲಿ ಫ್ರಾನ್ಸಿನ ಲೆ ಮಾನ್ಸ್ 24 ಗಂಟೆ ರೇಸ್ ಗೆದ್ದ ಮಜ್ದಾ 787ಬಿ ಓಡಿದ್ದು ಇದೇ ಬಗೆಯ, ನಾಲ್ಕು ರೋಟರಿನ ಎಂಜಿನ್ನಿನಿಂದ.

ಈಗ ಎಷ್ಟೋ ಆರ್‌ಎಕ್ಸ್-7ಗಳಿಂದ ಅದನ್ನು ಕಿತ್ತು ಜನರಲ್ ಮೋಟಾರ್ಸ್‌ನ ಎಲ್‌ಎಸ್ ವಿ8 ಹಾಕುತ್ತಾರೆ. ಎಲ್‌ಎಸ್ ಒಳ್ಳೆ ಎಂಜಿನ್, ಅದರಲ್ಲಿ ಎರಡು ಮಾತಿಲ್ಲ. ರೋಟರಿನ ತುದಿಯ ಸೀಲುಗಳು ಕೈಕೊಡುತ್ತವೆ ಅನ್ನುವುದೂ ನಿಜ. ಆದರೆ ಎಂಟು ಸಾವಿರ ಆರ್‌ಪಿಎಂವರೆಗೆ ಒಂದೇ ಎಳೆಯಲ್ಲಿ ಏರುವ ಆ ಝೇಂಕಾರ ಬೇರೆ ಯಾವ ಕಾರಿನಲ್ಲಿದೆ? ಎಲ್‌ಎಸ್‌ನ ಗುಡುಗು ಕೇಳಬೇಕಾದರೆ ಸಾವಿರ ಕಾರುಗಳಿವೆ. ಕಾಯಿಲೆ ಬಿತ್ತು ಅಂತ ಆಳನ್ನೇ ಬದಲಿಸುವುದು ಔಷಧಿಯಲ್ಲ.

ಕಾರ್ಬ್ಯುರೇಟರ್ ತಲೆನೋವು ಅಂದರು. ಎಸ್‌ಯು ಕಂಪನಿಯ ಜೋಡಿ ಕಾರ್ಬ್ಯುರೇಟರ್ ಟ್ಯೂನ್ ಮಾಡುವುದನ್ನು ಪಕ್ಕದಲ್ಲಿ ನಿಂತು ನೋಡಿ. ಏರ್ ಫಿಲ್ಟರ್ ಬಿಚ್ಚಿ, ಎರಡನ್ನೂ ಕೂಡಿಸುವ ಕಡ್ಡಿ ಸಡಿಲಿಸಬೇಕು. ಒಂದು ರಬ್ಬರ್ ಟ್ಯೂಬಿನ ಒಂದು ತುದಿ ಕಿವಿಗೆ, ಇನ್ನೊಂದು ತುದಿ ಮೊದಲನೆಯದರ ಬಾಯಿಗೆ. ಸುಯ್ ಅಂತ ಗಾಳಿ ಎಳೆಯುವುದು ಕೇಳಿಸುತ್ತದೆ. ಆಮೇಲೆ ಎರಡನೆಯದರ ಬಾಯಿಗೆ. ಇಲ್ಲಿ ಸುಯ್ಲು ಜೋರು, ಅಲ್ಲಿ ಮೆಲ್ಲಗೆ. ಸ್ಕ್ರೂ ಕಾಲು ಸುತ್ತು ತಿರುಗಿಸಿ ಮತ್ತೆ ಕೇಳಬೇಕು. ಎರಡೂ ಒಂದೇ ಸಮ ಆದಾಗ ನಡುಗುತ್ತಿದ್ದ ಎಂಜಿನ್ ತಟ್ಟನೆ ಶಾಂತವಾಗುತ್ತದೆ. ಇದನ್ನು ಒಮ್ಮೆ ಸ್ವಂತ ಕೈಯಿಂದ ಮಾಡಿದವರಿಗೆ ಆ ಕಾರು ಬೇರೆಯೇ ಆಗಿ ಕಾಣುತ್ತದೆ. ಬೇಕಾದ ಸಾಮಾನು ಒಂದು ಸ್ಕ್ರೂಡ್ರೈವರ್, ಒಂದು ಸ್ಪ್ಯಾನರ್, ಒಂದು ಟ್ಯೂಬ್.

ಹೊಸ ಎಂಜಿನ್ನಿನ ಕಥೆ ಹಾಗಲ್ಲ. ಅದರ ಜೀವ ಇಸಿಯು ಅನ್ನುವ ಕಂಪ್ಯೂಟರ್ ಪೆಟ್ಟಿಗೆಯಲ್ಲಿದೆ. ತನ್ನ ಕಾರಿನ ಕೀ, ಮೀಟರ್, ಸೆನ್ಸರ್ ಎಲ್ಲ ಜೊತೆಗಿದ್ದರೆ ಮಾತ್ರ ಅದು ಒಪ್ಪಿಕೊಳ್ಳುತ್ತದೆ. ಬೇರೆ ಮೈಗೆ ಹಾಕಿದರೆ ಒಪ್ಪಿಸಲು ಸಾಫ್ಟ್‌ವೇರ್ ತಿದ್ದಬೇಕು. ಇನ್ನು ಮೂವತ್ತು ವರ್ಷಕ್ಕೆ ಆ ಪೆಟ್ಟಿಗೆ ಸತ್ತರೆ ತಿದ್ದಿದವರೂ ಸಿಗಲ್ಲ, ಅವರು ಬಳಸಿದ ಲ್ಯಾಪ್‌ಟಾಪೂ ಸಿಗಲ್ಲ. ಈಗಿನ ಹೊಸದು ಆಗ ಹಳೆಯದೇ ತಾನೇ? ಜಾಗ್ವಾರ್ ಎಕ್ಸ್‌ಕೆ ಎಂಜಿನ್ ಬಂದದ್ದು 1948ರಲ್ಲಿ. ಆ ಎಂಜಿನ್ ಇರುವ ಜಾಗ್ವಾರ್‌ಗಳು 1950ರ ದಶಕದಲ್ಲಿ ಐದು ಸಲ ಲೆ ಮಾನ್ಸ್ ಗೆದ್ದವು. ಆಮೇಲೆ ಇ-ಟೈಪ್‌ಗೂ ಅದೇ ಎಂಜಿನ್ ಬಂತು. ಅದನ್ನು ಇವತ್ತಿಗೂ ಪೂರ್ತಿ ಬಿಚ್ಚಿ ಜೋಡಿಸಬಹುದು, ಬಿಡಿಭಾಗ ಸಿಗುತ್ತವೆ.

ಸ್ಟ್ಯಾಗ್ ಬಗ್ಗೆ ಹೇಳಿದ್ದೂ ಅರ್ಧ ಕಥೆ ಮಾತ್ರ. ಆ ಎಂಜಿನ್ನಿನ ರೋಗ ಏನು ಅಂತ ತಿಳಿದವರು ನಿಧಾನವಾಗಿ ಕಂಡುಕೊಂಡರು. ಒಳಗಿನ ನೀರಿನ ದಾರಿಯಲ್ಲಿ ಉಳಿದಿದ್ದ ಎರಕದ ಮರಳು ತೆಗೆಯಬೇಕು. ಒಳ್ಳೆ ರೇಡಿಯೇಟರ್ ಹಾಕಬೇಕು. ಚೈನ್ ಹೊತ್ತಿಗೆ ಸರಿಯಾಗಿ ಬದಲಿಸಬೇಕು. ಇಷ್ಟು ಮಾಡಿದ ಮೂಲ ವಿ8 ಚೆನ್ನಾಗಿ ಓಡುತ್ತದೆ. ಈಗ ಸ್ಟ್ಯಾಗ್ ಕೊಳ್ಳುವವರು ಮೊದಲು ಕೇಳುವುದು ಟ್ರಯಂಫ್ ಎಂಜಿನ್ ಇದೆಯಾ ಅಂತ.

ಬೋಲ್ಟು ಬಿಚ್ಚಿದರೆ ವಾಪಸ್ ಹಾಕಬಹುದು ಅನ್ನುವ ಮಾತು ಕೇಳೋಕೆ ಚೆಂದ. ಆದರೆ ಹೊಸ ಗೇರ್‌ಬಾಕ್ಸ್ ದಪ್ಪ, ಕಾರಿನ ನೆಲದ ನಡುವೆ ಅದಕ್ಕಾಗಿ ಇರುವ ಟನೆಲ್‌ನಲ್ಲಿ ಕೂರುವುದಿಲ್ಲ. ಸ್ವಲ್ಪವೇ ಸ್ವಲ್ಪ ಅಂತ ತಗಡು ಕೊಯ್ಯುತ್ತಾರೆ. ಬಟ್ಟೆ ಸುತ್ತಿ ಮೂಲೆಗಿಟ್ಟ ಹಳೆ ಎಂಜಿನ್ನಿಗೆ ಒಂದೆರಡು ಮಳೆಗಾಲದಲ್ಲಿ ತೇವ ಇಳಿಯುತ್ತದೆ, ಪಿಸ್ಟನ್ ರಿಂಗ್ ತುಕ್ಕು ಹಿಡಿದು ಸಿಲಿಂಡರಿಗೆ ಕಚ್ಚಿಕೊಳ್ಳುತ್ತದೆ. ಅಷ್ಟರಲ್ಲಿ ಕಾರು ಇನ್ನೊಬ್ಬರ ಕೈಗೆ ಹೋಗಿರುತ್ತದೆ. ಅವರ ದಾಖಲೆಯಲ್ಲಿ ಒಂದು ಎಂಜಿನ್ ನಂಬರ್ ಇರುತ್ತದೆ. ಆ ನಂಬರ್ ಕೆತ್ತಿದ ಕಬ್ಬಿಣ ಮಾತ್ರ ಯಾರದೋ ಶೆಡ್ಡಿನಲ್ಲಿ, ಡಬ್ಬಗಳ ಹಿಂದೆ ಬಿದ್ದಿರುತ್ತದೆ.