ಸಾಹಿತಿ ಅರಳಿಸುವ ಭಟ್ಟಿ

ಒಳ್ಳೆಯದನ್ನು ಬರೆಯುವುದು ಹೇಗೆ ಎಂದು ಕೇಳಿಕೊಂಡು ಬರುವವರು ಈಗ ಕಡಿಮೆ. ದೊಡ್ಡ ಸಾಹಿತಿ ಆಗುವುದು ಹೇಗೆ ಎಂದು ಕೇಳುವವರು ದಿನಕ್ಕೆ ಇಬ್ಬರಾದರೂ ಸಿಗುತ್ತಾರೆ. ಎರಡೂ ಬೇರೆ ಬೇರೆ ಇಲಾಖೆ. ಮೊದಲನೆಯದಕ್ಕೆ ವರ್ಷಗಟ್ಟಲೆ ಹಿಡಿಯುತ್ತದೆ, ಕೊನೆಗೆ ಖಾತರಿಯೂ ಇಲ್ಲ. ಎರಡನೆಯದಕ್ಕೆ ದಾವಣಗೆರೆಯಲ್ಲಿ ಮೂರು ತಿಂಗಳು ಸಾಕು. ಹಸ್ತಪ್ರತಿ ಇದ್ದರೆ ಇನ್ನೂ ಬೇಗ, ಇಲ್ಲದಿದ್ದರೂ ಅಡ್ಡಿಯಿಲ್ಲ.

ಮೊದಲು ಜಿಲ್ಲೆ ಆರಿಸಿಕೊಳ್ಳಿ. 1997ರಲ್ಲಿ ಚಿತ್ರದುರ್ಗದಿಂದ ದಾವಣಗೆರೆ ಬೇರೆಯಾದಾಗ ರೈತರಿಗೆ ಏನು ಲಾಭವಾಯಿತೋ ರೈತರೇ ಹೇಳಬೇಕು. ಸಾಹಿತಿಗಳಿಗಂತೂ ಒಂದಿದ್ದ ಜಿಲ್ಲಾ ಸಮ್ಮೇಳನ ಎರಡಾಯಿತು, ಒಂದಿದ್ದ ಜಿಲ್ಲಾ ರಾಜ್ಯೋತ್ಸವದ ಪಟ್ಟಿ ಎರಡಾಯಿತು. ಹುಟ್ಟಿದ್ದು ಆ ಕಡೆ, ಮನೆ ಕಟ್ಟಿದ್ದು ಈ ಕಡೆ ಆದರೆ ನೀವು ಎರಡೂ ಕಡೆಯ ‘ಹೆಮ್ಮೆಯ ಪುತ್ರ’. ಮಲೇಬೆನ್ನೂರಿನಲ್ಲಿ ಹುಟ್ಟಿ ದುರ್ಗವನ್ನು ಬರೆದ ಕಾದಂಬರಿಕಾರ ತ.ರಾ.ಸು. ಅವರಿಗೆ ಈ ಸೌಲಭ್ಯ ಸಿಗಲಿಲ್ಲ. ಅವರು 1984ರಲ್ಲೇ ತೀರಿಕೊಂಡರು. ‘ದುರ್ಗಾಸ್ತಮಾನ’ಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು 1985ರಲ್ಲಿ. ಶಾಲು ತಯಾರಿತ್ತು, ಹೊದಿಸಲು ಹೆಗಲಿರಲಿಲ್ಲ. ಆ ತಪ್ಪನ್ನು ನೀವು ಮಾಡಬೇಡಿ.

ಮುಂದಿನದು ಡಿಟಿಪಿ, ಅಂದರೆ ಕಂಪ್ಯೂಟರಿನಲ್ಲಿ ಪುಟ ಜೋಡಿಸುವ ಕೆಲಸ. ಸಾಹಿತಿಯ ತೂಕ ಇಲ್ಲೇ ನಿರ್ಧಾರವಾಗುವುದರಿಂದ ಸ್ವಲ್ಪ ನಿಧಾನವಾಗಿ ನೋಡೋಣ.

ನಿಮ್ಮ ಪುಸ್ತಕ ಡೆಮಿ ಅಷ್ಟದಳ, ಅಂದರೆ ಐದೂವರೆ ಇಂಚು ಅಗಲ, ಎಂಟೂವರೆ ಇಂಚು ಎತ್ತರ. ಅಕ್ಷರ 11 ಪಾಯಿಂಟಿನಲ್ಲಿದ್ದರೆ 96 ಪುಟಕ್ಕೆ ಮುಗಿಯುವ ಸರಕು ಎಂದುಕೊಳ್ಳಿ. ಒಳಗೆ 70 ಜಿಎಸ್‌ಎಂ (ಚದರ ಮೀಟರಿಗೆ 70 ಗ್ರಾಂ ತೂಗುವ) ಮ್ಯಾಪ್ಲಿಥೊ ಹಾಳೆ, ಹೊರಗೆ 300 ಜಿಎಸ್‌ಎಂ ಆರ್ಟ್ ಬೋರ್ಡಿನ ರಕ್ಷಾಪುಟ. ಒಟ್ಟು ತೂಕ 120 ಗ್ರಾಂ ಆಸುಪಾಸು. ಮಹಾನ್ ಸಾಹಿತಿಗೆ ಇದು ಸಾಲದು. ಗ್ರಂಥಾಲಯದ ಸಗಟು ಖರೀದಿಯೂ ಪುಟದ ಲೆಕ್ಕದಲ್ಲೇ ನಡೆಯುವುದು, ವಾಕ್ಯದ ಲೆಕ್ಕದಲ್ಲಿ ಅಲ್ಲ. ಆದ್ದರಿಂದ ಅಕ್ಷರವನ್ನು 14 ಪಾಯಿಂಟಿಗೆ ಏರಿಸಿ. ಅಕ್ಷರ ಅಗಲಕ್ಕೂ ಬೆಳೆಯುತ್ತದೆ, ಎತ್ತರಕ್ಕೂ ಬೆಳೆಯುತ್ತದೆ. ಹಾಗಾಗಿ ಪುಟಗಳು ಒಂದೂಕಾಲು ಪಟ್ಟಲ್ಲ, ಒಂದೂವರೆ ಪಟ್ಟನ್ನೂ ದಾಟುತ್ತವೆ. 96 ಇದ್ದದ್ದು 155ರ ಹತ್ತಿರ ಬಂದು ನಿಲ್ಲುತ್ತದೆ. ಹೊಸದಾಗಿ ಒಂದು ಪದ ಬರೆಯದೆ ಸುಮಾರು 60 ಪುಟದ ಸಾಹಿತ್ಯ ಸೃಷ್ಟಿಯಾಯಿತು. ಸನ್ಮಾನದ ಫೋಟೊಗಳಿಗೆ ಕೊನೆಯಲ್ಲಿ ಮೂರು ಪುಟ ಬಿಟ್ಟರೆ 158.

ಇಲ್ಲೊಂದು ತೊಡಕು. ಮುದ್ರಣ ನಡೆಯುವುದು ಫಾರಂ ಲೆಕ್ಕದಲ್ಲಿ, ಒಂದು ಫಾರಂಗೆ 16 ಪುಟ. ಹತ್ತು ಫಾರಂ ಎಂದರೆ 160. ನಿಮ್ಮದು 158. ರಾತ್ರಿ ಒಂಬತ್ತಕ್ಕೆ ಡಿಟಿಪಿ ಹುಡುಗ ಫೋನ್ ಮಾಡುತ್ತಾನೆ: “ಸಾರ್, ಎರಡು ಪೇಜು ಖಾಲಿ ಹೊಡೀತಾವೆ. ಏನಾರ ಬರ್ದು ಕೊಡ್ರಿ, ಇಲ್ಲಾಂದ್ರೆ ‘ಟಿಪ್ಪಣಿ’ ಅಂತ ಹಾಕಿ ಗೆರೆ ಎಳೀತೀನಿ.” ಕೊನೆಗೆ ಸೇರಿಸುವಂತಿಲ್ಲ, ಅಲ್ಲಿ ಫೋಟೊಗಳಿವೆ. ಮೊದಲಿಗೆ ಸೇರಿಸುವಂತಿಲ್ಲ, ಅಲ್ಲಿ ಮುನ್ನುಡಿಗಳ ಸಾಲು. ನಡುವೆ, 88 ಮತ್ತು 89ನೇ ಪುಟಕ್ಕೆ ಏನಾದರೂ ತುರುಕಬೇಕು. ತಲ್ಲಣ, ಅಸ್ಮಿತೆ, ಬೆವರ ಮುತ್ತು ಎಲ್ಲವೂ ಆಗಲೇ ಖರ್ಚಾಗಿವೆ. ಬೇರೆ ದಾರಿ ಕಾಣದೆ ಮಂಡಕ್ಕಿ ಭಟ್ಟಿಗೆ ಕೆಲಸಕ್ಕೆ ಹೋಗುತ್ತಿದ್ದ ದೊಡ್ಡಮ್ಮನ ಬಗ್ಗೆ ಕರೆಂಟ್ ಬಿಲ್ಲಿನ ಹಿಂದೆ ಅರ್ಧ ಗಂಟೆಯಲ್ಲಿ ಗೀಚಿ, ಫೋಟೊ ತೆಗೆದು ಕಳಿಸಿ. ತಿದ್ದಲು ಹೋಗಬೇಡಿ, ಪ್ರೆಸ್ಸಿನವರು ಕಾಯುತ್ತಿದ್ದಾರೆ. ಪುಟ ತುಂಬಿದರೆ ಸಾಕು.

ಮುನ್ನುಡಿಗಳನ್ನು ಇಷ್ಟರೊಳಗೆ ತರಿಸಿಕೊಂಡಿರಬೇಕು. ಮುನ್ನುಡಿ, ಬೆನ್ನುಡಿ, ಶುಭನುಡಿ, ಹಾರೈಕೆ ನುಡಿ, ಪ್ರಕಾಶಕರ ನುಡಿ, ಕೊನೆಗೆ ‘ನನ್ನ ನುಡಿ’. ಇಷ್ಟು ನುಡಿಗಳನ್ನು ದಾಟಿ ಪುಸ್ತಕ ಮುಟ್ಟಿದವನಿಗೆ ದುರ್ಗದ ಏಳು ಸುತ್ತಿನ ಕೋಟೆ ಹತ್ತುವುದು ಸಲೀಸು, ಅಲ್ಲಾದರೂ ಒಂದು ಕಿಂಡಿ ಇದೆ. ಮುನ್ನುಡಿಯ ಭಾಷೆಗೆ ಅದರದೇ ನಿಘಂಟು ಬೇಕು. ‘ಭರವಸೆಯ ಬರಹಗಾರ’ ಎಂದರೆ ಓದಿಲ್ಲ. ‘ಸಮಕಾಲೀನ ತಲ್ಲಣಗಳಿಗೆ ಮುಖಾಮುಖಿಯಾಗುತ್ತಾರೆ’ ಎಂದರೆ ಪರಿವಿಡಿ ಓದಿದ್ದಾರೆ. ‘ಇನ್ನಷ್ಟು ಮಾಗಬೇಕು’ ಎಂದಿದ್ದರೆ ಪೂರ್ತಿ ಓದಿದ್ದಾರೆ. ಅಂಥವರಿಗೆ ಮುಂದಿನ ಸಲ ಹಸ್ತಪ್ರತಿ ಕೊಡಬೇಡಿ.

ಅರ್ಪಣೆಯಲ್ಲಿ ಭಾವುಕರಾಗಬಾರದು. ಚಳ್ಳಕೆರೆ ತಾಲ್ಲೂಕಿನ ತಳುಕಿನವರಾದ ಟಿ.ಎಸ್. ವೆಂಕಣ್ಣಯ್ಯನವರು ಬರೆದದ್ದು ಕಡಿಮೆ, ಬರೆಸಿದ್ದು ಬಹಳ. ಅವರು 1939ರಲ್ಲಿ ತೀರಿಕೊಂಡರು. ಅದಾಗಿ ಹತ್ತು ವರ್ಷಕ್ಕೆ ಹೊರಬಂದ ‘ಶ್ರೀ ರಾಮಾಯಣ ದರ್ಶನಂ’ ಮಹಾಕಾವ್ಯವನ್ನು ಕುವೆಂಪು ತಮ್ಮ ಈ ಗುರುವಿಗೆ ಅರ್ಪಿಸಿದರು. ಈಗಿನ ಕಣ್ಣಿಂದ ನೋಡಿದರೆ ಎಂಥ ನಷ್ಟದ ವ್ಯವಹಾರ! ತೀರಿಹೋದವರು ಯಾವ ಆಯ್ಕೆ ಸಮಿತಿಯಲ್ಲಿದ್ದಾರೆ? ಅರ್ಪಣೆ ಯಾವಾಗಲೂ ಬದುಕಿರುವವರಿಗೆ, ಅದರಲ್ಲೂ ಅಧಿಕಾರಾವಧಿ ಇನ್ನೂ ಎರಡು ವರ್ಷವಾದರೂ ಉಳಿದಿರುವವರಿಗೆ.

ಬಿಡುಗಡೆ ಸಮಾರಂಭದ ಯಶಸ್ಸು ಆಹ್ವಾನ ಪತ್ರಿಕೆಯಲ್ಲಿದೆ. ಸಾನ್ನಿಧ್ಯ, ಉದ್ಘಾಟನೆ, ಅಧ್ಯಕ್ಷತೆ, ಲೋಕಾರ್ಪಣೆ, ಕೃತಿ ಪರಿಚಯ, ಮುಖ್ಯ ಅತಿಥಿ, ವಿಶೇಷ ಆಹ್ವಾನಿತರು, ಘನ ಉಪಸ್ಥಿತಿ, ಗೌರವ ಉಪಸ್ಥಿತಿ. ಘನ ಉಪಸ್ಥಿತಿಗೂ ಗೌರವ ಉಪಸ್ಥಿತಿಗೂ ಏನು ವ್ಯತ್ಯಾಸ ಎಂದು ಕೇಳಬೇಡಿ. ಅದು ಗೊತ್ತಿರುವವರು ಇಬ್ಬರೇ, ಇಬ್ಬರೂ ಆ ಕಾರಣಕ್ಕೇ ಮಾತು ಬಿಟ್ಟಿದ್ದಾರೆ. ಹದಿನಾಲ್ಕು ಹೆಸರಿದ್ದರೆ ಒಳ್ಳೆಯದು. ಒಬ್ಬೊಬ್ಬರು ತಮ್ಮ ಮನೆಯಿಂದ ಇಬ್ಬರನ್ನು, ಜೊತೆಗೊಬ್ಬ ಡ್ರೈವರನ್ನು ತಂದರೂ 42 ಜನ ಸಭಿಕರು ತಾನಾಗಿ ಸೇರುತ್ತಾರೆ. ವೇದಿಕೆಯಲ್ಲಿ ಜನ ಹೆಚ್ಚಿದ್ದಷ್ಟೂ ಕೆಳಗೆ ಕುರ್ಚಿ ತುಂಬುವ ಈ ಸೂತ್ರ ಸಾಹಿತ್ಯದಲ್ಲಿ ಮಾತ್ರ ನಡೆಯುತ್ತದೆ, ನಾಟಕದ ಕಂಪನಿಯಲ್ಲಿ ನಡೆಯಲ್ಲ.

ಸಮಯದ ಬಗ್ಗೆ ಎಚ್ಚರ. ನಾಡಗೀತೆಗೆ ಸರ್ಕಾರ 2022ರಲ್ಲಿ 2 ನಿಮಿಷ 30 ಸೆಕೆಂಡು ಎಂದು ಅಳತೆ ಹಾಕಿಕೊಟ್ಟಿದೆ. ಕುವೆಂಪು ಅವರಿಗೆ ಎರಡೂವರೆ ನಿಮಿಷ, ವಂದನಾರ್ಪಣೆಗೆ ಹನ್ನೊಂದು. ಮೈಕ್ ಸೆಟ್ಟಿನವನಿಂದ ಹಿಡಿದು ಉಪ್ಪಿಟ್ಟು ಮಾಡಿದವರವರೆಗೆ ಎಲ್ಲರಿಗೂ ವಂದನೆ ಸಲ್ಲುತ್ತದೆ. ಪುಸ್ತಕ ಓದುವವರಿಗೆ ಮಾತ್ರ ಇಲ್ಲ, ಅವರು ಯಾರೆಂದು ಸಮಿತಿಗೆ ತಿಳಿದುಬಂದಿಲ್ಲ.

ಲೋಕಾರ್ಪಣೆಗೆ ಐದು ಪ್ರತಿಯನ್ನು ಬಣ್ಣದ ಕಾಗದದಲ್ಲಿ ಸುತ್ತಿಡಬೇಕು. ಎಡವಟ್ಟು ಆಗುವುದು ಸೆಲೊ ಟೇಪಿನಿಂದ. ಉತ್ಸಾಹಿ ಕಾರ್ಯಕರ್ತರು ನಾಲ್ಕೂ ಮೂಲೆಗೆ ಟೇಪು ಹಚ್ಚಿಬಿಡುತ್ತಾರೆ. ಗಣ್ಯರು ಉಗುರಿನಿಂದ ಕೆರೆಯುತ್ತಾ ನಿಲ್ಲುತ್ತಾರೆ, ಫೋಟೊಗ್ರಾಫರ್ ಲೈಟು ಹಿಡಿದು ಕಾಯುತ್ತಾನೆ, ಕೊನೆಗೆ ಅಧ್ಯಕ್ಷರು ಬಾಯಿ ಹಾಕುತ್ತಾರೆ. ಹಿಂಬದಿಯಲ್ಲಿ ಒಂದೇ ತುಂಡು, ಅದೂ ತುದಿ ಮಡಚಿ ಅಂಟಿಸಿದರೆ ಒಂದೇ ಎಳೆತಕ್ಕೆ ಬಿಚ್ಚುತ್ತದೆ. ಬಿಚ್ಚಿದ ಮೇಲೆ ಎದೆಮಟ್ಟಕ್ಕೆ ಹಿಡಿಯಬೇಕು, ಮುಖಪುಟ ಕ್ಯಾಮೆರಾ ಕಡೆ. ಎಡದಿಂದ ಮೂರನೆಯವರು ತಲೆಕೆಳಗು ಹಿಡಿದೇ ಹಿಡಿಯುತ್ತಾರೆ. ಮುಖಪುಟದಲ್ಲಿ ಲೇಖಕರ ದೊಡ್ಡ ಭಾವಚಿತ್ರ ಇರಬೇಕು ಎನ್ನುವುದು ಇದಕ್ಕೇ. ಬರೀ ನವ್ಯಚಿತ್ರ ಇದ್ದರೆ ಮೇಲು ಯಾವುದು ಕೆಳಗು ಯಾವುದು ಎಂದು ಬರೆದ ಕಲಾವಿದನೂ ಹೇಳಲಾರ.

ಕೃತಿ ಪರಿಚಯ ಮಾಡುವವರಿಗೆ ಪುಸ್ತಕವನ್ನು ಅಂದು ಬೆಳಿಗ್ಗೆಯೇ ಕೊಡಿ, ಹಿಂದಿನ ವಾರ ಕೊಟ್ಟರೆ ಓದುವ ಅಪಾಯ ಇರುತ್ತದೆ. ಅವರು ಬೆಣ್ಣೆದೋಸೆ ತಿನ್ನುತ್ತಾ ಬೆನ್ನುಡಿ ನೋಡಿ, ಕಾರಿನಲ್ಲಿ ಮುನ್ನುಡಿ ನೋಡಿ, ವೇದಿಕೆಯ ಮೇಲೆ ಪರಿವಿಡಿ ನೋಡಿ ಮುಕ್ಕಾಲು ಗಂಟೆ ಮಾತಾಡುತ್ತಾರೆ. 88ನೇ ಪುಟದ ಸುದ್ದಿ ಯಾರೂ ಎತ್ತುವುದಿಲ್ಲ. ಮುನ್ನುಡಿ ಬರೆಯುವಾಗ ಆ ಪುಟ ಇರಲೇ ಇಲ್ಲವಲ್ಲ. ಪರಿವಿಡಿಗೂ ಅದನ್ನು ಸೇರಿಸಲು ಮರೆತಿದ್ದೀರಿ.

ಶಾಲಿನ ವಿಚಾರಕ್ಕೆ ಬಂದರೆ, 2021ರ ಆಗಸ್ಟಿನಲ್ಲಿ ಸರ್ಕಾರ ಒಂದು ಆದೇಶ ಹೊರಡಿಸಿತು: ಸರ್ಕಾರಿ ಸಭೆಗಳಲ್ಲಿ ಹಾರ, ತುರಾಯಿ, ಶಾಲು ಬೇಡ, ಬದಲಿಗೆ ಕನ್ನಡ ಪುಸ್ತಕ ಕೊಡಿ. ಸಾಹಿತ್ಯಕ್ಕೆ ಒಳ್ಳೆಯ ಕಾಲ ಬಂತು ಎಂದು ಹಿಗ್ಗಿದವರಿದ್ದರು. ಆದದ್ದಿಷ್ಟೇ, ಪುಸ್ತಕವೇ ಹಾರವಾಯಿತು. ಹಾರವನ್ನಾದರೂ ಸಂಜೆ ಹೊತ್ತಿಗೆ ಬಾಡುತ್ತದೆಂದು ಮನೆಯ ಫೋಟೊಕ್ಕೆ ಹಾಕುತ್ತಿದ್ದರು. ಪುಸ್ತಕ ಬಾಡುವುದಿಲ್ಲ, ಹಾಗಾಗಿ ಈ ಗಣ್ಯರಿಂದ ಆ ಗಣ್ಯರಿಗೆ, ಅವರಿಂದ ಮುಂದಿನ ಊರಿನವರಿಗೆ, ರ‍್ಯಾಪರು ಸಮೇತ ಪ್ರಯಾಣ ಮಾಡುತ್ತಲೇ ಇರುತ್ತದೆ. ನಿಮ್ಮ ಪುಸ್ತಕ ವರ್ಷದೊಳಗೆ ತಿರುಗಿ ನಿಮ್ಮ ಕೈಗೇ ಬಂದರೆ ಬೇಸರ ಮಾಡಿಕೊಳ್ಳಬೇಡಿ. ಒಳಪುಟದಲ್ಲಿ ‘ಪ್ರೀತಿಯಿಂದ’ ಎಂದು ನೀವೇ ಬರೆದ ಸಹಿ ನೋಡಿ ನಕ್ಕು, ಮುಂದಿನವರಿಗೆ ದಾಟಿಸಿ.

ಪ್ರಶಸ್ತಿಯ ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ. ಪುಸ್ತಕದ ನಾಲ್ಕು ಪ್ರತಿ, ಎರಡು ಭಾವಚಿತ್ರ, ಪ್ರವೇಶ ಶುಲ್ಕ. ಶುಲ್ಕ ಇದ್ದಷ್ಟೂ ಮಟ್ಟ ಏರುತ್ತದೆ: ಜಿಲ್ಲಾ ಮಟ್ಟ, ರಾಜ್ಯ ಮಟ್ಟ, ರಾಷ್ಟ್ರ ಮಟ್ಟ. ಗೌರವ ಡಾಕ್ಟರೇಟೂ ಅದೇ ಕೌಂಟರಿನಲ್ಲಿ ಸಿಗುತ್ತದೆ. ಕೊಟ್ಟ ವಿಶ್ವವಿದ್ಯಾಲಯದ ಹೆಸರನ್ನು ಯುಜಿಸಿ ಪಟ್ಟಿಯಲ್ಲಿ ಹುಡುಕಿ ನೋಡಿ. ಹೆಸರು ಸಿಗುವ ಸಾಧ್ಯತೆ ಇದೆ, ಪಟ್ಟಿ ಮಾತ್ರ ನಕಲಿ ವಿಶ್ವವಿದ್ಯಾಲಯಗಳದ್ದಾಗಿರಬಹುದು.

ಇನ್ನು ಉಳಿದ ಪ್ರತಿಗಳು. ಐನೂರು ಅಚ್ಚಾಗಿದ್ದರಲ್ಲಿ ಗ್ರಂಥಾಲಯಕ್ಕೆ ಹೋಗುವಷ್ಟು ಹೋಗಿ, ಗೌರವ ಪ್ರತಿ ಹಂಚಿ ಆದ ಮೇಲೂ ನಾಲ್ಕು ಬಂಡಲ್ ದಿವಾನದ ಕೆಳಗೆ ಉಳಿಯುತ್ತವೆ. ದೀಪಾವಳಿಗೆ ಮನೆ ಸುಣ್ಣ ಹೊಡೆಸುವಾಗ ಮನೆಯವರ ಕಣ್ಣಿಗೆ ಬೀಳುತ್ತವೆ. 14 ಪಾಯಿಂಟಿನ ಪುಣ್ಯ ಈಗ ಕೈಹಿಡಿಯುತ್ತದೆ: 160 ಪುಟದ ಪ್ರತಿ 190 ಗ್ರಾಂ ತೂಗುತ್ತದೆ, ಐದು ಸೇರಿದರೆ ಕೆಜಿಗೆ 50 ಗ್ರಾಂ ಕಮ್ಮಿ. ಗುಜರಿಯವರು ಆ 50 ಗ್ರಾಂ ಬಿಡುವವರಲ್ಲ, ಆರನೆಯದನ್ನೂ ಇಟ್ಟುಕೊಳ್ಳುತ್ತಾರೆ.

ಅಲ್ಲಿಂದ ಅದು ಸಂಜೆಯ ಮಿರ್ಚಿ ಮಂಡಕ್ಕಿ ಗಾಡಿಗೆ ಬರುತ್ತದೆ. ಅಚ್ಚಾದ ಕಾಗದದಲ್ಲಿ ತಿಂಡಿ ಕಟ್ಟಬೇಡಿ, ಶಾಯಿಯಲ್ಲಿ ವಿಷ ಇರುತ್ತದೆ ಎಂದು ಆಹಾರ ಸುರಕ್ಷತಾ ಪ್ರಾಧಿಕಾರ ಹೇಳುತ್ತಲೇ ಇದೆ. ಗಾಡಿಯವರ ತಕರಾರು ಬೇರೆ. ಡೆಮಿ ಹಾಳೆ ಸಣ್ಣದು, ಮಂಡಕ್ಕಿ ಪೊಟ್ಟಣಕ್ಕೆ ಆಗಿಬರಲ್ಲ. ಮ್ಯಾಪ್ಲಿಥೊ ನುಣುಪು, ಪೇಪರಿನ ಹಾಳೆಯ ಹಾಗೆ ಎಣ್ಣೆ ಹೀರಲ್ಲ. ಎರಡು ಮಿರ್ಚಿ ಕಟ್ಟೋಕೆ ಅಡ್ಡಿಯಿಲ್ಲ, ಅಷ್ಟೇ. ಲ್ಯಾಮಿನೇಷನ್ ಆದ ರಕ್ಷಾಪುಟವನ್ನು ಮಾತ್ರ ಅವರು ಎಸೆಯುವುದಿಲ್ಲ, ತಕ್ಕಡಿಯ ಕೆಳಗೆ ಹಾಸುತ್ತಾರೆ. ನಿಮ್ಮ ಭಾವಚಿತ್ರದ ಮೇಲೆ ದಿನಕ್ಕೆ ನೂರು ಸಲ ಬಟ್ಟು ಇಳಿಯುತ್ತದೆ.

ಟ್ಯೂಷನ್ ಮುಗಿಸಿ ಬಂದ ಹುಡುಗನಿಗೆ 87ನೇ ಪುಟದ ಹಾಳೆಯಲ್ಲಿ ಎರಡು ಮಿರ್ಚಿ ಬರುತ್ತವೆ. ಆ ಪುಟದಲ್ಲಿ ‘ಹಸಿವಿನ ಹಾಡಿಗೆ ಶ್ರುತಿ ಹಿಡಿದ ಬೆವರ ಮುತ್ತುಗಳು’ ಇದೆ, ಅವನು ಅದಕ್ಕೆ ಕೈ ಒರೆಸುತ್ತಾನೆ. ಮಿರ್ಚಿ ತಿಂದು ಹಾಳೆ ಮುದ್ದೆ ಮಾಡುವಾಗ ಹಿಂಬದಿ ಕಾಣುತ್ತದೆ. ಎಣ್ಣೆಯ ಕಲೆಯ ನಡುವೆ ಇಷ್ಟಿದೆ:

“ದೊಡ್ಡಮ್ಮ ಉಪ್ಪುನೀರು ಹಿಡಿದ ಅಕ್ಕಿಯ ಕಾಳು ಬಾಯಿಗೆ ಹಾಕಿಕೊಂಡು ಮುಂದಿನ ಹಲ್ಲಲ್ಲಿ ಕಡಿಯುತ್ತಿದ್ದಳು. ಮೆತ್ತಗೆ ಒತ್ತಿಕೊಂಡರೆ ಇನ್ನೂ ಹಸಿ ಇದೆ, ಮರಳಿಗೆ ಹಾಕಿದರೆ ಅರಳಲ್ಲ. ಪುಡಿಯಾದರೆ ಒಣಗಿದ್ದು ಹೆಚ್ಚಾಯಿತು, ಸೀದುಹೋಗುತ್ತದೆ. ಕಟ್ ಅಂತ ಎರಡು ಹೋಳಾಗಬೇಕು. ಹಾಗೆ ಕಡಿದು ಕಡಿದು ಅವಳ ಒಂದು ಹಲ್ಲು ಮೂಲೆ ಮುರಿದಿತ್ತು. ಭಟ್ಟಿಗೆ ಮಷೀನು ತಂದ ದಿನ ಎಲ್ಲರೂ ಪೂಜೆ ಮಾಡಿ ಕಾಯಿ ಒಡೆದರು. ದೊಡ್ಡಮ್ಮ ಸುಮ್ಮನೆ ಹೋಗಿ ಮಷೀನಿಗೆ ಸುರಿಯೋ ಚೀಲಕ್ಕೆ ಕೈ ಹಾಕಿ, ನಾಲ್ಕು ಕಾಳು ಬಾಯಿಗೆ ಹಾಕಿಕೊಂಡು ಕಡಿದು, ಯಜಮಾನರ ಮುಖ ನೋಡಿ”

ಪುಟ ಅಲ್ಲಿಗೆ ಮುಗಿಯುತ್ತದೆ. ಹುಡುಗ ಗಾಡಿಗೆ ವಾಪಸ್ ಹೋಗುತ್ತಾನೆ.

“ಅಣ್ಣಾ, ಇದ್ರ ಮುಂದಿನ ಹಾಳೆ ಐತೇನ್ರಿ?”

“ಅದ್ರಾಗೆ ಆಗ್ಲೇ ಒಬ್ರಿಗೆ ಮಿರ್ಚಿ ಕಟ್ಟಿ ಕೊಟ್ನಲ್ಲಪ್ಪ.”

“ಯಾರಿಗ್ರಿ? ಯಾವ ಕಡೆ ಹೋದ್ರು?”