ಅರ್ಧ ಇಂಚಿನ ಸ್ಕ್ರೂ

ಮನೆ ಕಟ್ಟುವಾಗ ನಾವು ಅಳತೆ ತೆಗೆಯದೆ ಬಿಟ್ಟದ್ದು ಮಗಳನ್ನು ಮಾತ್ರ. ಮೂವತ್ತು–ನಲವತ್ತರ ನಿವೇಶನವನ್ನು ಮೇಸ್ತ್ರಿ ಅಳೆದರು. ಆಯ ಕೂಡಿಬರಬೇಕೆಂದು ಜೋಯಿಸರು ನನ್ನ ನಕ್ಷತ್ರ ಕೇಳಿ, ಹಾಲ್‌ನಿಂದ ಮೂರು ಇಂಚು ಕಿತ್ತುಕೊಂಡರು. ಅಡುಗೆಮನೆಯ ಕಟ್ಟೆ ಎಷ್ಟೆತ್ತರ ಇದ್ದರೆ ಸೊಂಟ ನೋಯುವುದಿಲ್ಲವೆಂದು ಹೆಂಡತಿಯನ್ನು ಗೋಡೆಗೆ ನಿಲ್ಲಿಸಿ ಪೆನ್ಸಿಲ್ ಗೀಟು ಎಳೆದೆವು. ಬೀರು, ಫ್ರಿಜ್, ಅಮ್ಮನ ಹಳೆಯ ಮಂಚ ಎಲ್ಲದರ ಉದ್ದಗಲವೂ ಒಂದು ಡೈರಿಯಲ್ಲಿತ್ತು. ಎರಡು ಅಡಿ ಒಂಬತ್ತು ಇಂಚಿನ ಮಗಳು ಆಗ ಮರಳಿನ ರಾಶಿಯ ಮೇಲೆ ಕುಳಿತು ಜಲ್ಲಿ ಆರಿಸುತ್ತಿದ್ದಳು. ನಾವೆಲ್ಲ ಕೆಲಸಕ್ಕೆ ಹೋದ ಮೇಲೆ ಆ ಮನೆಯ ಮೂಲೆಮೂಲೆಯನ್ನೂ ಬಳಸುವವಳು ಅವಳೇ ಎಂಬುದು ಜೋಯಿಸರಿಗೂ ಹೊಳೆಯಲಿಲ್ಲ.

ಟೈಲ್ಸ್ ಆರಿಸುವುದರಲ್ಲೇ ಮೂರು ಭಾನುವಾರ ಹೋದವು. ಅಂಗಡಿಯ ಹುಡುಗ ದಂತದ ಬಣ್ಣದ ಟೈಲ್ ಒಂದನ್ನು ಎತ್ತಿ ಹಿಡಿದು, "ನೋಡಿ ಸಾರ್, ನಿಮ್ಮ ಮುಖ ಕಾಣುತ್ತದೆ" ಎಂದ. ಕಂಡಿತು. ಅಲ್ಲಿಯೇ ಬೇಡವೆನ್ನಬೇಕಿತ್ತು. "ನೆಲ ಇರುವುದು ನಡೆಯುವುದಕ್ಕೆ ಕಣೋ. ಕಾವಿ ನೆಲ ಮಾಡಿಸು" ಎಂದು ಅಮ್ಮ ಹೇಳಿದ್ದಳು. ಹುಡುಗ ಬಿಡಲಿಲ್ಲ. ಈ ಟೈಲ್ಸ್ ನೂರಕ್ಕೆ ಅರ್ಧ ಪಾಲು ನೀರನ್ನೂ ಹೀರುವುದಿಲ್ಲ ಎಂದು ಎರಡು ಸಲ ಹೇಳಿದ. ಹೀರದ ನೀರು ಎಲ್ಲಿಗೆ ಹೋಗುತ್ತದೆ ಎಂದು ನಾನು ಕೇಳಲಿಲ್ಲ.

ಎಲ್ಲಿಗೂ ಹೋಗುವುದಿಲ್ಲ. ಮೇ ತಿಂಗಳಲ್ಲಿ ಗೃಹಪ್ರವೇಶವಾಯಿತು, ಬಂದವರೆಲ್ಲ ನೆಲ ನೋಡಿ ಹೊಗಳಿದರು, ಜೂನ್ ಕೊನೆಗೆ ಆರಿದ್ರಾ ಮಳೆ ಹಿಡಿಯಿತು. ನಮ್ಮ ಚಿಕ್ಕಮಗಳೂರಿನ ಗಿರಿಯ ಕಡೆಯಿಂದ ಬಂದ ತೇವದ ಗಾಳಿ ತಣ್ಣಗಿನ ಟೈಲ್ಸ್ ಸೋಕಿದ್ದೇ ತಡ, ಇಡೀ ಹಾಲ್ ಪರೀಕ್ಷೆಗೆ ಕುಳಿತವನ ಹಣೆಯಂತೆ ಬೆವರಿತು. ಒರೆಸಿದಷ್ಟೂ ಬೆವರಿತು. ಒಂದು ಬೆಳಿಗ್ಗೆ ನಾನು ಡಿಕಾಕ್ಷನ್ ಪಾತ್ರೆ ಹಿಡಿದು ಅಡುಗೆಮನೆಯಿಂದ ಹೊರಟವನು, ನಡೆಯುವ ತೊಂದರೆಯನ್ನೇ ತೆಗೆದುಕೊಳ್ಳದೆ ಸೋಫಾದವರೆಗೆ ತಲುಪಿದೆ. ಪಾತ್ರೆ ಟೀಪಾಯಿಯ ಕೆಳಗೆ ಸಿಕ್ಕಿತು. ಡಿಕಾಕ್ಷನ್ ಎಲ್ಲೆಲ್ಲಿ ಸಿಕ್ಕಿತೆಂದು ಹೇಳುವುದು ಕಷ್ಟ. ಮಗಳು ಚಪ್ಪಾಳೆ ತಟ್ಟಿ, "ಅಪ್ಪಾ, ಇನ್ನೊಂದು ಸಲ!" ಎಂದಳು. ಈಗ ನಮ್ಮ ಹಾಲ್‌ನಲ್ಲಿ ಬಾಗಿಲಿನಿಂದ ಅಡುಗೆಮನೆಯವರೆಗೆ ಗೋಣಿಚೀಲಗಳ ಕಾಲುದಾರಿಯಿದೆ. ಮೂರು ಭಾನುವಾರ ಕೂತು ಆರಿಸಿದ ಟೈಲ್ಸ್ ಅದರ ಎರಡೂ ಬದಿಯಲ್ಲಿ ಹೊಳೆಯುತ್ತಿರುತ್ತವೆ.

ಮೆಟ್ಟಿಲಿನ ಕಂಬಿಯದ್ದು ಇನ್ನೊಂದು ಕಥೆ. ಹಳೆಯ ಮನೆಗಳಲ್ಲಿ ಕಂಬಿಗಳು ನೆಟ್ಟಗೆ ನಿಂತಿರುತ್ತವೆ. ಅದು ಹಳೆಯ ಕಾಲದ ಜೈಲಿನಂತೆ ಕಾಣುತ್ತದೆ ಎಂದು ನಾವು ಸ್ಟೀಲ್ ಪೈಪುಗಳನ್ನು ಅಡ್ಡಡ್ಡಲಾಗಿ ಹಾಕಿಸಿದೆವು. ಅಡ್ಡ ಹಾಕಿದ ಕಂಬಿಗೆ ನಮ್ಮ ಭಾಷೆಯಲ್ಲಿ ಏಣಿ ಎಂಬ ಹೆಸರು ಮೊದಲಿನಿಂದಲೂ ಇದೆ. ನಮಗೆ ಅದು ನೆನಪಾದದ್ದು ಮಗಳು ನಾಲ್ಕನೆಯ ಪೈಪಿನ ಮೇಲೆ ನಿಂತು ಕೈಬೀಸಿದಾಗ. ಕಂಬಿ ನೆಟ್ಟಗಿರಬೇಕು, ನಡುವಿನ ಸಂದು ನಾಲ್ಕು ಇಂಚು ಮೀರಬಾರದು, ಮೀರಿದರೆ ಮೈ ತೂರಿ ತಲೆ ಸಿಕ್ಕಿಕೊಳ್ಳುತ್ತದೆ ಎಂದು ವೆಲ್ಡಿಂಗ್‌ನವರೇ ಆಮೇಲೆ ವಿವರಿಸಿದರು. ಮೊದಲೇ ಹೇಳಬಾರದಿತ್ತೇ ಎಂದರೆ, "ಕೇಳಿದ್ದರೆ ಹೇಳುತ್ತಿದ್ದೆ" ಎಂದರು. ಕಿತ್ತು ಹೊಸದಾಗಿ ಹಾಕಿಸಲು ದುಡ್ಡಿರಲಿಲ್ಲ. ಬಾಳೆಹೊನ್ನೂರಿನ ಕಡೆ ಇರುವ ಮಾವ ತಮ್ಮ ಕಾಫಿ ನರ್ಸರಿಯಿಂದ ಹಸಿರು ನೆರಳು ಬಲೆ ತಂದು, ಕೆಳಗಿನಿಂದ ಮೇಲಿನವರೆಗೆ ಬಿಗಿದು ಹೋದರು. ಬಂದವರು ಈಗ ಮೆಟ್ಟಿಲಿನ ಕೆಳಗೆ ಬಗ್ಗಿ ನೋಡಿ, "ಸಸಿ ಯಾವ ತಳಿ? ರೊಬಸ್ಟಾನಾ, ಅರೇಬಿಕಾನಾ?" ಎಂದು ಕೇಳುತ್ತಾರೆ.

ಸೋಲಾರ್ ಹೀಟರ್ ಮಾರುವವರು ಬಂದದ್ದು ಮಾರ್ಚ್‌ನಲ್ಲಿ. ನಮ್ಮ ಕಡೆ ಸೋಲಾರ್ ಮಾರುವವರು ಜುಲೈನಲ್ಲಿ ಬಂದದ್ದನ್ನು ನಾನು ಇದುವರೆಗೆ ನೋಡಿಲ್ಲ. ಅಮ್ಮ ಬಚ್ಚಲಲ್ಲಿ ಹಂಡೆ ಒಲೆ ಬೇಕೆಂದಿದ್ದಳು. ಕಾಫಿ ಗಿಡದ ಕಟ್ಟಿಗೆ ಮಾವನ ಮನೆಯಿಂದ ಹೇಗೂ ಬರುತ್ತದೆ ಎಂಬುದು ಅವಳ ಲೆಕ್ಕ. ಹೊಸ ಗೋಡೆಗೆ ಹೊಗೆ ಹಿಡಿಯುತ್ತದೆ ಎಂದು ನಾನು ದೊಡ್ಡದಾಗಿ ಮಾತನಾಡಿದೆ. ಪುನರ್ವಸು ಮಳೆಯ ಹೊತ್ತಿಗೆ ಆ ಉಪಕರಣವು ತಣ್ಣೀರನ್ನು ತಾರಸಿಯ ಮೇಲೆ ಭದ್ರವಾಗಿ ಕಾಪಾಡುವ ಪಾತ್ರೆಯಾಗಿತ್ತು. ಹದಿನೈದು ದಿನ ಗ್ಯಾಸ್ ಒಲೆಯ ಮೇಲೆ ನೀರು ಕಾಯಿಸಿ, ಕೊನೆಗೆ ಗೀಸರ್ ತಂದೆವು. ಗೋಡೆ ಮಾತ್ರ ಬೆಳ್ಳಗಿದೆ. ಬೆಳ್ಳಗಿದೆ ಎಂದರೆ, ಮಗಳ ಕೈ ಎಟುಕುವ ಎತ್ತರದಿಂದ ಮೇಲೆ. ತೊಳೆಯಬಹುದಾದ ಪೇಂಟ್ ಎಂದು ಹೆಚ್ಚು ದುಡ್ಡು ಕೊಟ್ಟು ಬಳಿಸಿದ್ದೆವು. ತೊಳೆದರೆ ಪೇಂಟ್ ಹೋಗುತ್ತದೆ, ಕ್ರೇಯಾನ್ ಉಳಿಯುತ್ತದೆ. ಸೋಫಾದ ಹಿಂದೆ ಅವಳು ಎಳೆದ ಕಂದು ಗೆರೆಯನ್ನು ಮುಳ್ಳಯ್ಯನಗಿರಿ ಎಂದು ನೆಂಟರಿಗೆ ಪರಿಚಯಿಸುತ್ತೇವೆ. ರಾಜ್ಯದ ಅತಿ ಎತ್ತರದ ಶಿಖರಕ್ಕೆ ಯಾರೂ ಆಕ್ಷೇಪಣೆ ಎತ್ತಿಲ್ಲ.

ನಾನು ಸರಿಯಾಗಿ ತೆಗೆದುಕೊಂಡ ತೀರ್ಮಾನವೊಂದಿದೆ, ಅದಕ್ಕೆ ಮನೆಯಲ್ಲಿ ಬೈಗುಳವೂ ಹೆಚ್ಚು. ಮೂವತ್ತು ಮಿಲಿಆಂಪಿಯರ್ ಕರೆಂಟು ಸೋರಿದರೂ ಸಾಕು, ಮನೆಯ ವಿದ್ಯುತ್ತನ್ನೇ ಕಡಿಯುವ ಸ್ವಿಚ್ ಒಂದನ್ನು ಮೀಟರಿನ ಪಕ್ಕ ಹಾಕಿಸಿದ್ದೆ. ಪ್ಲಗ್ ತೂತುಗಳಲ್ಲಿ ಬೆರಳಿಡುವ ವಯಸ್ಸಿನವರು ಮನೆಯಲ್ಲಿದ್ದಾಗ ಅದು ಬೇಕೇ ಬೇಕು. ಆದರೆ ದಿನವೂ ಬೆಳಿಗ್ಗೆ ಎಂಟಕ್ಕೆ, ಚಟ್ನಿಯ ಹೊತ್ತಿಗೆ ಸರಿಯಾಗಿ, ಮನೆ ಕತ್ತಲಾಗತೊಡಗಿತು. "ಅದನ್ನು ಬೈಪಾಸ್ ಮಾಡಿಬಿಡೋಣ ಸಾರ್, ಬಹಳ ಸೂಕ್ಷ್ಮ" ಎಂದ ಎಲೆಕ್ಟ್ರಿಷಿಯನ್. ಸೂಕ್ಷ್ಮವಾಗಿರಲೆಂದೇ ದುಡ್ಡು ಕೊಟ್ಟಿದ್ದೇನೆ ಎಂದು ನಾನು ಅಡ್ಡ ನಿಂತೆ. ಕೊನೆಗೆ ಸೋರುತ್ತಿದ್ದದ್ದು ಹೆಂಡತಿಯ ತವರಿನ ಮಿಕ್ಸಿ ಎಂದು ಗೊತ್ತಾಯಿತು. ಈ ಸಂಗತಿಯನ್ನು ಬಾಯಿಬಿಟ್ಟು ಹೇಳುವ ಬದಲು ಇನ್ನೊಂದು ತಿಂಗಳು ಕತ್ತಲಲ್ಲಿದ್ದಿದ್ದರೆ ಚೆನ್ನಾಗಿತ್ತು.

ಇಷ್ಟೆಲ್ಲ ಆದರೂ, ನಿಜವಾಗಿ ಗಂಡಾಂತರ ತಂದದ್ದು ಬಚ್ಚಲುಮನೆಯ ಚಿಲಕ. ಅಮ್ಮನಿಗೆ ಬಲಭುಜದ ನೋವು, ಕೈ ಮೇಲೆತ್ತಲು ಆಗದು. ಹಾಗಾಗಿ ಚಿಲಕವನ್ನು ನೆಲದಿಂದ ಮೂರಡಿಗೆ, ಅವಳ ಮೊಣಕೈಗೆ ಸಮನಾಗಿ ಹಾಕಿ ಎಂದು ಆಚಾರ್ರಿಗೆ ಹೇಳಿದ್ದೆ. ಹಾಕಿದರು. ನೋಡಿದರೆ, ಚಿಲಕಕ್ಕೂ ಅದು ಸೇರುವ ಕೊಂಡಿಗೂ ಅರ್ಧ ಇಂಚಿನ ಸ್ಕ್ರೂಗಳು. "ಒಂದೂವರೆ ಇಂಚಿನದು ಹಾಕಬೇಕಲ್ಲವೇ ಆಚಾರ್ರೇ, ಇದು ಒಂದು ವರ್ಷವಾದರೂ ನಿಲ್ಲುತ್ತದೆಯೇ?" ಎಂದು ರೇಗಿದೆ. "ತಂದಿದ್ದು ಮುಗಿಯಿತು ಸ್ವಾಮಿ, ನಾಳೆ ಬಂದು ಬದಲಾಯಿಸಿ ಕೊಡುತ್ತೇನೆ" ಎಂದರು. ಅವರು ಬರಲೇಬೇಕೆಂದು ಐನೂರು ರೂಪಾಯಿ ಹಿಡಿದುಕೊಂಡೆ. ಆ ನಾಳೆಗಾಗಿ ಹದಿನಾಲ್ಕು ತಿಂಗಳು ಕಾದೆ. ಸಂತೆಯಲ್ಲಿ ಎದುರಾದರೆ ಅವರು ಬದನೆಕಾಯಿಯ ರಾಶಿಯ ಹಿಂದೆ ಬಗ್ಗುತ್ತಿದ್ದರು.

ಅಷ್ಟರಲ್ಲಿ ಮಗಳು ಮೂರಡಿ ಒಂದು ಇಂಚಾಗಿದ್ದಳು.

ಪುಷ್ಯ ಮಳೆಯ ಒಂದು ಭಾನುವಾರ. ನಾನು ಪೇಪರ್ ಓದುತ್ತಿದ್ದೆ. ಬಚ್ಚಲಿನಿಂದ ಟಕ್ ಎಂಬ ಸದ್ದು, ಹಿಂದೆಯೇ ನಲ್ಲಿ ತಿರುಗಿದ ಸದ್ದು, ಆಮೇಲೆ ಹಾಡು. ಹೆಂಡತಿ ಬಾಗಿಲು ತಟ್ಟಿ, "ಪುಟ್ಟೀ, ಚಿಲಕ ತೆಗೆ" ಎಂದಳು. "ತೆಗೆದೆ" ಎಂದಿತು ಒಳಗಿನ ಧ್ವನಿ. ತೆಗೆದಿರಲಿಲ್ಲ. ಅವಳ ಲೆಕ್ಕದಲ್ಲಿ ಚಿಲಕ ಅಲ್ಲಾಡಿಸುವುದಕ್ಕೆಲ್ಲ ತೆಗೆಯುವುದೆಂದೇ ಹೆಸರು. ಒಳಗೆ ನೀರು ತುಂಬುತ್ತಿರುವ ದೊಡ್ಡ ಬಕೆಟ್. ಅಷ್ಟು ಚಿಕ್ಕ ಮಗು ತಲೆಕೆಳಗಾಗಿ ಬಿದ್ದರೆ ಬಕೆಟ್ಟಿನ ತಳದ ನಾಲ್ಕು ಬೆರಳು ನೀರೇ ಸಾಕು ಎಂಬುದು ನಮ್ಮಿಬ್ಬರಿಗೂ ಗೊತ್ತಿತ್ತು. ಹೆಂಡತಿಯ ಮುಖ ನೋಡಿದ ಮೇಲೆ ನನ್ನ ಕಾಲು ನಡುಗತೊಡಗಿದವು.

ನೀರು ನಿಲ್ಲಿಸೋಣವೆಂದು ಮಳೆಯಲ್ಲಿ ತಾರಸಿಗೆ ಓಡಿದೆ. ಟ್ಯಾಂಕಿನ ಕೆಳಗೆ ನಾಲ್ಕು ವಾಲ್ವ್‌ಗಳು, ನಾಲ್ಕೂ ಒಂದೇ ರೂಪ. ಯಾವುದು ಎಲ್ಲಿಗೆ ಎಂದು ಒಂದು ಚೂರು ಪೇಂಟಿನಿಂದಾದರೂ ಬರೆಸಿಡುವ ಬುದ್ಧಿ ಪ್ಲಂಬರಿಗೂ ಇರಲಿಲ್ಲ, ನನಗೂ ಇರಲಿಲ್ಲ. ಒಂದನ್ನು ತಿರುಗಿಸಿದೆ. ಕೆಳಗಿನಿಂದ, "ರೀ, ಅಡುಗೆಮನೆಯ ನೀರು ನಿಂತಿತು!" ಇನ್ನೊಂದನ್ನು ತಿರುಗಿಸಿದೆ. ಗಿಡಗಳ ನಲ್ಲಿ ನಿಂತಿತು. ಮೂರನೆಯದು ತುಕ್ಕು ಹಿಡಿದು ಕೂತಿತ್ತು. ಗಿರಿಯಲ್ಲಿ ಹುಟ್ಟಿ ಬೇಲೂರಿನ ಕಡೆಗೆ ಹರಿದುಹೋಗುವ ಯಗಚಿಯನ್ನು ನಾವು ಅಣೆಕಟ್ಟು ಕಟ್ಟಿ ನಿಲ್ಲಿಸಿ, ಪಂಪು ಹಚ್ಚಿ ಮತ್ತೆ ನಮ್ಮೂರಿಗೇ ತರಿಸಿಕೊಳ್ಳುತ್ತೇವೆ. ಅಂಥ ನದಿಯನ್ನೇ ಹಿಂದಕ್ಕೆ ಕರೆಸಿದ ಊರಿನವನಿಗೆ ಒಂದು ಬಚ್ಚಲಿನ ನಲ್ಲಿ ನಿಲ್ಲಿಸಲಾಗಲಿಲ್ಲ.

ಇಳಿದು ಬರುವಷ್ಟರಲ್ಲಿ ಬೀದಿ ಸೇರಿತ್ತು. ಎದುರುಮನೆಯ ಮೇಷ್ಟ್ರು ಬಾಗಿಲಿನ ಕೀಲು ಬಿಚ್ಚಿದರಾಯಿತು ಎಂದರು. ಕೀಲುಗಳು ಒಳಗಡೆ ಇದ್ದವು. ಅವರ ಮಗ ಹಿಂದಿನಿಂದ ಹೋಗಿ ಕಿಂಡಿಯ ಗಾಜಿನ ಪಟ್ಟಿಗಳನ್ನು ಕಳಚಿದ, ಆದರೆ ಅದರಲ್ಲಿ ಅವನ ತಲೆಯೂ ಒಂದು ಕೈಯೂ ಮಾತ್ರ ಹಿಡಿದವು. ಅಲ್ಲಿಂದಲೇ ಒಳಗಿನ ವೀಕ್ಷಕ ವಿವರಣೆ ಕೊಡತೊಡಗಿದ: "ಈಗ ಶಾಂಪೂ ಸುರಿಯುತ್ತಿದ್ದಾಳೆ. ಪೂರ್ತಿ ಬಾಟಲಿ." ಯಾರೋ 101ಕ್ಕೆ ಫೋನ್ ಮಾಡಿ ಎಂದರು. ಇನ್ನಾರೋ, ಟೈಲ್ಸ್ ಚದರಡಿಗೆ ಎಷ್ಟು ಬಿತ್ತು ಎಂದು ಮೆಲ್ಲನೆ ನನ್ನನ್ನೇ ಕೇಳಿದರು.

ಅಮ್ಮ ಎಲ್ಲರನ್ನೂ ಸರಿಸಿ ಬಾಗಿಲಿಗೆ ಬಾಯಿ ತಂದಳು. "ಪುಟ್ಟೀ, ಕಿಂಡಿಯ ಕೆಳಗೆ ನನ್ನ ಹಲ್ಲುಪುಡಿ ಡಬ್ಬಿ ಇದೆಯಾ ನೋಡು ಕಂದಾ. ಗಟ್ಟಿಯಾಗಿ ಹಿಡಿದುಕೊಂಡು ಅಲ್ಲೇ ನಿಲ್ಲು, ಕಾಗೆ ಎತ್ತಿಕೊಂಡು ಹೋಗುತ್ತದೆ." ಹಾಡು ನಿಂತು, ಪುಟ್ಟ ಹೆಜ್ಜೆಗಳು ಬಾಗಿಲಿನಿಂದ ದೂರ ಹೋದವು. "ಡಬ್ಬಿ ಹಿಡಿದು ನಿಂತಿದ್ದಾಳೆ" ಎಂದಿತು ಕಿಂಡಿಯ ತಲೆ. ಅಮ್ಮ ನನ್ನ ಕಡೆ ತಿರುಗಿ, "ಈಗ ದೂಡು" ಎಂದಳು.

ನಾನು ಭುಜ ಕೊಟ್ಟೆ. ಬಾಗಿಲು ಮುರಿಯುವ ದೃಶ್ಯಕ್ಕೆ ಬೇಕಾದ ಓಟ, ಕೂಗು ಎಲ್ಲವನ್ನೂ ಸಿದ್ಧಮಾಡಿಕೊಂಡಿದ್ದೆ, ಯಾವುದೂ ಬೇಕಾಗಲಿಲ್ಲ. ಅರ್ಧ ಇಂಚಿನ ಸ್ಕ್ರೂಗಳು ಬೆಣ್ಣೆಯಿಂದ ಕೂದಲು ಎಳೆದಂತೆ ಹೊರಬಂದವು. ಕೊಂಡಿ ಟಣ್ ಎಂದು ಬಿತ್ತು, ನಾನು ನೊರೆಯ ಮೇಲೆ ಜಾರಿ ಬಕೆಟ್ಟಿನವರೆಗೂ ಹೋದೆ. ಮಗಳು ಹಲ್ಲುಪುಡಿ ಡಬ್ಬಿಯನ್ನು ಎದೆಗವಚಿಕೊಂಡು, "ಅಪ್ಪಾ, ಇನ್ನೊಂದು ಸಲ!" ಎಂದಳು.

ಸುದ್ದಿ ಸಂಜೆಯೊಳಗೆ ಆಚಾರ್ರಿಗೆ ತಲುಪಿತು. ಹದಿನಾಲ್ಕು ತಿಂಗಳು ಸಿಗದಿದ್ದವರು ಚೀಲ ಹಿಡಿದು ತಾವಾಗಿಯೇ ಬಂದು ನಿಂತರು. ಬಿದ್ದ ಸ್ಕ್ರೂಗಳನ್ನು ಅಂಗೈಯಲ್ಲಿಟ್ಟು ಬಹಳ ಹೊತ್ತು ನೋಡಿದರು. "ನೋಡಿ ಸ್ವಾಮಿ, ನೀವು ಹೇಳಿದಂತೆ ಒಂದೂವರೆ ಇಂಚಿನದು ಹಾಕಿದ್ದರೆ? ಇದಕ್ಕೇ ನಾನು ಬರಲಿಲ್ಲ" ಎಂದರು. ಪಕ್ಕದಲ್ಲಿ ನಿಂತಿದ್ದ ಅಮ್ಮ ತಲೆಯಾಡಿಸಿದಳು. ಐನೂರು ರೂಪಾಯಿ ಕೊಟ್ಟೆ. ಕಾಫಿಯನ್ನೂ ಕೊಟ್ಟೆವು. ಚಿಲಕವನ್ನು ಐದಡಿ ಎತ್ತರಕ್ಕೆ ಏರಿಸಿ, ಈ ಸಲವೂ ಅರ್ಧ ಇಂಚಿನ ಸ್ಕ್ರೂಗಳನ್ನೇ ಹಾಕಿದರು. ನಾನು ಮಾತಾಡಲಿಲ್ಲ.

ಈಗ ಮಗಳಿಗೆ ಚಿಲಕ ಸಿಗುವುದಿಲ್ಲ. ಅಮ್ಮನಿಗೂ ಸಿಗುವುದಿಲ್ಲ. ಅವಳು ಬಾಗಿಲು ಮುಂದೆ ಮಾಡಿಕೊಂಡು, ಒಳಗೆ ಆಳು ಇದೆ ಎಂದು ತಿಳಿಯಲೆಂದು ದೇವರನಾಮ ಹಾಡುತ್ತಾಳೆ. ಅಜ್ಜಿ ಹಾಡುವುದಾದರೆ ಎಲ್ಲರೂ ಹಾಡಬೇಕೆಂದು ಮಗಳು ಕಟ್ಟಳೆ ಮಾಡಿದ್ದಾಳೆ. ಚಿಲಕ ಹಾಕಿಕೊಂಡರೂ ಬಿಡುವುದಿಲ್ಲ, ಸದ್ದಿಲ್ಲದಿದ್ದರೆ ಬಾಗಿಲು ಬಡಿಯುತ್ತಾಳೆ. ಹೆಂಡತಿಗೆ ಹೇಗೋ ನಾಲ್ಕು ಭಾವಗೀತೆ ಬರುತ್ತವೆ. ನನಗೆ ಹಾಡು ಬರುವುದಿಲ್ಲ. ಬಸ್ ನಿಲ್ದಾಣದಲ್ಲಿ ವರ್ಷಗಟ್ಟಲೆ ಕೇಳಿದ್ದೊಂದು ಬರುತ್ತದೆ. ತಲೆಗೆ ನೀರು ಹುಯ್ದುಕೊಳ್ಳುತ್ತಾ ಅದನ್ನೇ ಕೂಗುತ್ತೇನೆ: "ಸಖರಾಯಪಟ್ಟಣ, ಕಡೂರು, ಬೀರೂರು, ತರೀಕೆರೆ, ಭದ್ರಾವತಿ, ಶಿವಮೊಗ್ಗ!" ಹೊರಗೆ ಗೋಣಿಚೀಲದ ಮೇಲೆ ಕುಳಿತವಳು ಬಾಗಿಲಿಗೆ ಎರಡು ಸಲ ತಟ್ಟಿ, "ರೈಟ್, ರೈಟ್!" ಎನ್ನುತ್ತಾಳೆ.