ತಣ್ಣೀರು ಒಳ್ಳೆಯದು ಸರಿ, ಯಾರ ಮೈಗೆ?

ನಿನ್ನೆ ಬೆಳಿಗ್ಗೆ ಆರು ಗಂಟೆಗೆ ಬಚ್ಚಲಿನಿಂದ ಒಂದು ಸದ್ದು ಬಂತು. ಅಪ್ಪ ಕೂಗಿದ್ದಲ್ಲ, ಉಸಿರನ್ನು ಜೋರಾಗಿ ಒಳಗೆಳೆದುಕೊಂಡ ಸದ್ದು. ಪುಣ್ಯಕ್ಕೆ ಚಿಲಕ ಹಾಕಿರಲಿಲ್ಲ. ಒಳಗೆ ಹೋಗಿ ನೋಡಿದರೆ ಶವರ್ ಕೆಳಗೆ ಗೋಡೆ ಹಿಡಿದುಕೊಂಡು ನಿಂತಿದ್ದಾರೆ, ಮಾತು ಹೊರಡುತ್ತಿಲ್ಲ. ಜನವರಿ ಚಳಿ, ರಾತ್ರಿಯಿಡೀ ತಾರಸಿಯ ಟ್ಯಾಂಕಿನಲ್ಲಿ ಕೊರೆದ ನೀರು. ಅಪ್ಪನಿಗೆ 72 ವರ್ಷ, ಬಿಪಿ ಮಾತ್ರೆ ನುಂಗುವುದಂತೂ ನಿಮಗೆಲ್ಲ ಗೊತ್ತೇ ಇದೆ. ಮೈ ಒರೆಸಿ, ಕಂಬಳಿ ಹೊದಿಸಿ, ಡಾಕ್ಟರಿಗೆ ತೋರಿಸಿಕೊಂಡು ಬಂದೆವು. ಈಗ ಆರಾಮಾಗಿದ್ದಾರೆ, ಯಾರೂ ಗಾಬರಿಯಾಗಬೇಡಿ.

ಯಾಕಪ್ಪಾ ಹೀಗೆ ಮಾಡಿದಿರಿ ಅಂತ ಕೇಳಿದೆ. "ತಣ್ಣೀರು ಹೃದಯಕ್ಕೆ ಒಳ್ಳೆಯದಂತೆ" ಅಂದರು.

ನನಗೆ ಸಿಟ್ಟು ಬಂದಿದ್ದು ಆ "ಅಂತೆ" ಮೇಲೆ. ಮೊಬೈಲ್ ತೆಗೆದರೆ ಸಾಕು, ಯಾರೋ ಒಬ್ಬ ಗಟ್ಟಿಮುಟ್ಟಾದ ಹುಡುಗ ಐಸ್ ತುಂಬಿದ ತೊಟ್ಟಿಯಲ್ಲಿ ಕೂತು ರೋಗನಿರೋಧಕ ಶಕ್ತಿ ಹೆಚ್ಚುತ್ತದೆ, ಬೊಜ್ಜು ಕರಗುತ್ತದೆ, ಹೃದಯ ಗಟ್ಟಿಯಾಗುತ್ತದೆ ಅಂತ ಹೇಳುತ್ತಿರುತ್ತಾನೆ. ಯಾರಿಗೆ ಅಂತ ಮಾತ್ರ ಹೇಳುವುದಿಲ್ಲ. ಇಪ್ಪತ್ತೈದರ ಹುಡುಗನಿಗಾ, ಎಪ್ಪತ್ತೆರಡರ ಅಪ್ಪನಿಗಾ?

ಇವರೆಲ್ಲ ಎತ್ತಿ ಹೇಳುವ ಒಂದು ಅಧ್ಯಯನ ಇದೆ. ನೆದರ್‌ಲ್ಯಾಂಡ್ಸ್‌ನಲ್ಲಿ ನಡೆದಿದ್ದು, 2016ರಲ್ಲಿ ಪ್ರಕಟವಾಯಿತು. ಮೂರು ಸಾವಿರಕ್ಕೂ ಹೆಚ್ಚು ಜನ ಇದ್ದರು. ತಣ್ಣೀರು ಸುರಿದುಕೊಂಡವರು ಕಾಯಿಲೆ ಅಂತ ಕೆಲಸಕ್ಕೆ ರಜೆ ಹಾಕಿದ್ದು ಶೇ. 29ರಷ್ಟು ಕಡಿಮೆ. ಇಷ್ಟನ್ನೇ ಹೇಳಿ ನಿಲ್ಲಿಸುತ್ತಾರೆ. ಕಾಯಿಲೆಯಿದ್ದ ದಿನಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಬಂದಿರಲಿಲ್ಲ ಅನ್ನುವುದನ್ನು ಯಾರೂ ಹೇಳುವುದಿಲ್ಲ. ಅವರು ಮೊದಲು ಬಿಸಿನೀರಿನಲ್ಲೇ ಸ್ನಾನ ಮಾಡಿ, ಕೊನೆಯಲ್ಲಿ 30ರಿಂದ 90 ಸೆಕೆಂಡು ಮಾತ್ರ ತಣ್ಣೀರಿಗೆ ತಿರುಗಿಸಿದ್ದು ಅನ್ನುವುದನ್ನೂ ಹೇಳುವುದಿಲ್ಲ. ಮುಖ್ಯವಾಗಿ, ಅದರಲ್ಲಿ ಇದ್ದವರೆಲ್ಲ 18ರಿಂದ 65 ವರ್ಷದವರು, ದೊಡ್ಡ ಕಾಯಿಲೆ ಇಲ್ಲದವರು. ನನ್ನ ಅಪ್ಪನಂಥವರನ್ನು ಅದಕ್ಕೆ ಸೇರಿಸಿಕೊಂಡೇ ಇರಲಿಲ್ಲ!

ಕೊರೆಯುವ ನೀರು ಒಮ್ಮೆಲೇ ಮೈಮೇಲೆ ಬಿದ್ದರೆ ಚರ್ಮದ ರಕ್ತನಾಳಗಳು ಸೆಟೆದುಕೊಳ್ಳುತ್ತವೆ. ಬಿಪಿ ಏರುತ್ತದೆ, ಎದೆಬಡಿತ ಜೋರಾಗುತ್ತದೆ, ನಮಗೇ ಗೊತ್ತಿಲ್ಲದೆ ಉಸಿರು ಎಳೆದುಕೊಳ್ಳುತ್ತೇವೆ. ಮೊದಲ ಒಂದೆರಡು ನಿಮಿಷವೇ ಕಷ್ಟ. ಗಟ್ಟಿ ಹೃದಯ ತಡೆದುಕೊಳ್ಳುತ್ತದೆ, ಎಲ್ಲರ ಹೃದಯವೂ ತಡೆಯಬೇಕಲ್ಲ.

ಈಗ ಕಾಮೆಂಟಿನಲ್ಲಿ ಬರುತ್ತದೆ ಅಂತ ಗೊತ್ತು: ನಮ್ಮ ಹಿರಿಯರೆಲ್ಲ ಹೊಳೆಯಲ್ಲೇ ಮುಳುಗುತ್ತಿದ್ದರು, ಮಾಘ ಸ್ನಾನ ಮಾಡುತ್ತಿದ್ದರು, ಅಯ್ಯಪ್ಪನ ಮಾಲೆ ಹಾಕಿದವರು ಇಂದಿಗೂ ತಣ್ಣೀರಲ್ಲೇ ಮೀಯುತ್ತಾರೆ. ನಿಜ. ಆದರೆ ಅದೇ ಹಿರಿಯರ ಮನೆಯಲ್ಲಿ ಬಚ್ಚಲ ಒಲೆ ಮೇಲೆ ಹಂಡೆ ಯಾಕಿತ್ತು? ಮಲೆನಾಡಿನ ನಮ್ಮ ಅಜ್ಜಿಮನೆಯಲ್ಲಿ ಮಳೆಗಾಲದಲ್ಲಿ ಆ ಒಲೆ ಆರಿದ್ದನ್ನೇ ನಾನು ನೋಡಿಲ್ಲ. ನೀರು ತುಂಬುವ ಹಬ್ಬದ ದಿನ ಹಂಡೆ ಬೆಳಗಿ, ಸುಣ್ಣದ ಗೆರೆ ಎಳೆದು, ಕೊರಳಿಗೆ ಬಳ್ಳಿ ಕಟ್ಟಿ ಪೂಜೆ ಮಾಡುತ್ತಿದ್ದರು. ಮಾರನೇ ದಿನ ಎಣ್ಣೆ ಹಚ್ಚಿ, ಸೀಗೆಪುಡಿ ಹಾಕಿ, ಸುಡುಸುಡು ನೀರು. ಬಾಣಂತಿಗೆ ಯಾರಾದರೂ ತಣ್ಣೀರು ಹೊಯ್ದಿದ್ದು ಕೇಳಿದ್ದೀರಾ? ಹೊಳೆಗೆ ಇಳಿದವರೂ ಮೊದಲು ಕಾಲು ನೆನೆಸಿ, ತಲೆಗೆ ಒಂದಿಷ್ಟು ಚಿಮುಕಿಸಿಕೊಂಡೇ ಮುಳುಗುತ್ತಿದ್ದರು. ಯಾರ ಮೈಗೆ ಯಾವ ನೀರು ಅಂತ ಅವರಿಗೆ ಗೊತ್ತಿತ್ತು.

ಬಿಸಿನೀರೇ ಅಮೃತ ಅಂತಲೂ ನಾನು ಹೇಳುತ್ತಿಲ್ಲ. ಜಾಸ್ತಿ ಬಿಸಿಯಾದರೆ ಚರ್ಮ ಒಣಗಿ ತುರಿಕೆ ಬರುತ್ತದೆ, ಕೆಲವರಿಗೆ ತಲೆ ಸುತ್ತುತ್ತದೆ. ಗಾಳಿಯಾಡದ ಬಚ್ಚಲಿನಲ್ಲಿ ಗ್ಯಾಸ್ ಗೀಸರ್ ಇಟ್ಟುಕೊಂಡರೆ ಕಾರ್ಬನ್ ಮಾನಾಕ್ಸೈಡ್ ಜೀವವನ್ನೇ ತೆಗೆಯುತ್ತದೆ. ಆದರೆ ಮಲಗುವುದಕ್ಕೆ ಒಂದೆರಡು ಗಂಟೆ ಮುಂಚೆ ಹದವಾದ ಬಿಸಿನೀರಿನ ಸ್ನಾನ ಮಾಡಿದರೆ ನಿದ್ದೆ ಬೇಗ ಬರುತ್ತದೆ, ಅದಕ್ಕೆ ಒಳ್ಳೆಯ ಆಧಾರವೇ ಇದೆ. ಅಪ್ಪನಿಗೆ ಬೇಕಿದ್ದೂ ಅದೇ.

ಒಂದು ಮಾತು ಹೇಳಲೇಬೇಕು. ಅಪ್ಪ ಕಲಿತಿದ್ದು ಬರೀ ಮೊಬೈಲಿನಿಂದ ಅಲ್ಲ. ಮೂರು ತಿಂಗಳಿಂದ ಸ್ನಾನದ ಕೊನೆಗೆ ತಣ್ಣೀರು ಹಾಕಿಕೊಳ್ಳುತ್ತಿರುವವನು ನಾನು. ನನಗೆ ಖುಷಿಯಾಗುತ್ತದೆ, ಮೈ ಹಗುರವಾಗುತ್ತದೆ. ಊಟಕ್ಕೆ ಕೂತಾಗಲೆಲ್ಲ ಅದನ್ನೇ ಹೊಗಳಿದ್ದೇನೆ. "ನೀವೂ ಮಾಡಿ ನೋಡಿ" ಅಂತ ಒಂದು ಸಲ ಅಂದಿದ್ದೆ. ಅವರ ಬಿಪಿ ನನಗೆ ನೆನಪೇ ಆಗಲಿಲ್ಲ. ಯಾರ ಮೈಗೆ ಅಂತ ನಾನೂ ಕೇಳಲಿಲ್ಲ. ನಿನ್ನೆಯಿಂದ ಇದೇ ಚುಚ್ಚುತ್ತಿದೆ.

ದಯವಿಟ್ಟು ನಿಮ್ಮ ಮನೆಯ ಹಿರಿಯರು ಬೆಳಿಗ್ಗೆ ಯಾವ ನೀರಲ್ಲಿ ಸ್ನಾನ ಮಾಡುತ್ತಿದ್ದಾರೆ ಅಂತ ಇವತ್ತೇ ಕೇಳಿ. ಬಿಪಿ, ಹೃದಯದ ತೊಂದರೆ ಇದ್ದವರು ಡಾಕ್ಟರನ್ನು ಕೇಳದೆ ಇದಕ್ಕೆ ಇಳಿಯುವುದು ಬೇಡ.

ಇವತ್ತು ಬೆಳಿಗ್ಗೆ ಬಕೆಟ್ಟಿಗೆ ನಾನೇ ನೀರು ಬೆರೆಸಿದೆ. ಅಪ್ಪ ಬಂದು ಕೈ ಅದ್ದಿ ನೋಡಿ, "ಇನ್ನೊಂದು ಚೊಂಬು ಬಿಸಿ ಹಾಕು" ಅಂದರು.